ಎಂಡಾರ್ಫಿನ್ ಕಂಡುಹಿಡಿದವರು ಕ್ಯಾಂಡೇಸ್ ಪರ್ಟ್ ಅಲ್ಲ

"ಎಂಡಾರ್ಫಿನ್ ಕಂಡುಹಿಡಿದ ವಿಜ್ಞಾನಿ ಕ್ಯಾಂಡೇಸ್ ಪರ್ಟ್" ಎಂಬ ಸಂದೇಶ ಹರಿದಾಡುತ್ತಿದೆ. (ಎಂಡಾರ್ಫಿನ್ ಎಂದರೆ ದೇಹ ತಾನೇ ತಯಾರಿಸುವ, ಅಫೀಮಿನಂತೆ ನೋವು ತಗ್ಗಿಸುವ ವಸ್ತು.) ಇದು ತಪ್ಪು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಲೊಮನ್ ಸ್ನೈಡರ್ ಜೊತೆ ಅವರು 1973ರಲ್ಲಿ ತೋರಿಸಿಕೊಟ್ಟದ್ದು ಅಫೀಮು ವರ್ಗದ ಔಷಧಗಳು ಅಂಟುವ ರಿಸೆಪ್ಟರನ್ನು, ಅಂದರೆ ಜೀವಕೋಶದ ಮೇಲಿನ ಬೀಗದಂಥ ಪ್ರೋಟೀನನ್ನು. ಬೀಗ ಸಿಕ್ಕಿತ್ತು, ದೇಹದ್ದೇ ಆದ ಕೀಲಿ ಇನ್ನೂ ಸಿಕ್ಕಿರಲಿಲ್ಲ.

ಪ್ರಯೋಗದ ಜಾಣ್ಮೆ ಇಲ್ಲಿದೆ: ಅರೆದ ಮಿದುಳಿಗೆ ವಿಕಿರಣಶೀಲ ನಲಾಕ್ಸೋನ್ (ಇದೇ ರಿಸೆಪ್ಟರಿಗೆ ಅಂಟುವ ಔಷಧ) ಸೇರಿಸಿ, ಸೋಸಿ, ತಣ್ಣನೆಯ ದ್ರಾವಣದಿಂದ ಬೇಗ ತೊಳೆಯಬೇಕು. ನಿಧಾನಿಸಿದರೆ ರಿಸೆಪ್ಟರಿಗೆ ಅಂಟಿದ್ದೂ ಕಳಚಿಕೊಳ್ಳುತ್ತದೆ. ತೊಳೆದರೂ ಕೊಬ್ಬಿಗೆ, ಫಿಲ್ಟರಿಗೆ ಸುಮ್ಮನೆ ಅಂಟಿದ್ದು ಉಳಿಯುತ್ತದಲ್ಲ? ಅದಕ್ಕೇ ಒಂದು ನಳಿಕೆಗೆ ಅಫೀಮು ವರ್ಗದ ಔಷಧ ಲೆವಾರ್ಫನಾಲ್, ಇನ್ನೊಂದಕ್ಕೆ ಅದರ ಕನ್ನಡಿ ಪ್ರತಿರೂಪ ಡೆಕ್ಸ್ಟ್ರಾರ್ಫನ್. ಮೊದಲನೆಯದು ಮಾತ್ರ ನಲಾಕ್ಸೋನನ್ನು ರಿಸೆಪ್ಟರಿನಿಂದ ಹೊರದಬ್ಬುತ್ತದೆ. ಎರಡರ ವ್ಯತ್ಯಾಸವೇ ರಿಸೆಪ್ಟರಿಗೆ ಅಂಟಿದ್ದರ ನಿಜವಾದ ಲೆಕ್ಕ. ಅದೇ ವರ್ಷ ಎರಿಕ್ ಸೈಮನ್, ಲಾರ್ಸ್ ಟೆರೇನಿಯಸ್ ಕೂಡ ಸ್ವತಂತ್ರವಾಗಿ ಇದನ್ನೇ ತೋರಿಸಿದರು.

ಆ ಕೀಲಿಯನ್ನು, ಅಂದರೆ ದೇಹದ ಸ್ವಂತ ಪೆಪ್ಟೈಡ್‌ಗಳನ್ನು (ಅಮೈನೋ ಆಮ್ಲಗಳ ಕಿರುಸರಪಳಿಗಳನ್ನು) 1975ರಲ್ಲಿ ಹಂದಿಯ ಮಿದುಳಿನಿಂದ ಗುರುತಿಸಿದವರು ಸ್ಕಾಟ್ಲೆಂಡಿನ ಆಬರ್ಡೀನ್‌ನ ಜಾನ್ ಹ್ಯೂಸ್, ಹಾನ್ಸ್ ಕೋಸ್ಟರ್ಲಿಟ್ಜ್ ಮತ್ತು ಸಂಗಡಿಗರು: ಐದೈದು ಅಮೈನೋ ಆಮ್ಲಗಳ ಎಂಡಾರ್ಫಿನ್ ಬಳಗದ ಎರಡು ಎನ್‌ಕೆಫಲಿನ್‌ಗಳು, ಕೊನೆಯದೊಂದೇ ಬೇರೆ, ಮೆಥಿಯೊನಿನ್ ಅಥವಾ ಲ್ಯೂಸಿನ್.

ಆದರೆ ಪರ್ಟ್ ಕೆಲಸ ಸಣ್ಣದೆಂದು ಇದರರ್ಥವಲ್ಲ. ವೈದ್ಯಕೀಯ ಸಂಶೋಧನೆಗೆ ಅಮೆರಿಕದಲ್ಲಿ ಕೊಡುವ ಲಾಸ್ಕರ್ ಪ್ರಶಸ್ತಿ 1978ರಲ್ಲಿ ಸ್ನೈಡರ್, ಹ್ಯೂಸ್, ಕೋಸ್ಟರ್ಲಿಟ್ಜ್‌ಗೆ ಹೋಯಿತು. ಪರ್ಟ್‌ರನ್ನು ಬಿಟ್ಟದ್ದು ಅನ್ಯಾಯವೇ.