ಕಿವಿ ಹಿಂಡಿಸಿಕೊಂಡ ಹರ್ಕ್ಯುಲಿಸ್

ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಚಿತ್ರದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ ಬರೆದ 'ಹರ್ಕ್ಯುಲಿಸ್ ಮತ್ತು ಓಂಫಾಲೆ' ಚಿತ್ರವನ್ನು ನೀವು 'ಹೆಣ್ಣಿನ ಗೆಲುವು' ಅಂತ ಕರೆದಿದ್ದು ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ.

ಕತೆ ನೋಡಿ. ಇಫಿಟಸ್ ಎಂಬುವನನ್ನು ಕೊಂದ ತಪ್ಪಿಗೆ ಹರ್ಕ್ಯುಲಿಸ್ ಆಳಾಗಿ ಮಾರಾಟವಾಗುತ್ತಾನೆ. ಕೊಂಡವಳು ಲಿಡಿಯಾದ ರಾಣಿ ಓಂಫಾಲೆ. ಅವನ ಕೈಗೆ ನೂಲು ತೆಗೆಯುವ ಕದಿರು ಬರುತ್ತದೆ, ಅವನು ಹೊದೆಯುತ್ತಿದ್ದ ಸಿಂಹದ ಚರ್ಮ ಅವಳ ಮೈಮೇಲೆ. 1600ರ ದಶಕದ ಮೊದಲ ವರ್ಷಗಳಲ್ಲಿ ರೂಬೆನ್ಸ್ ಬರೆದ ಈ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವಳು ಅವನ ಕಿವಿಯನ್ನೇ ಹಿಡಿದು ಹಿಂಡುತ್ತಾಳೆ! ಆದರೂ ಅವನ ಮೈಕಟ್ಟು ಒಂದಿಷ್ಟೂ ಕುಗ್ಗಿಲ್ಲ. ನಗು ಬರುವುದೇ ಅದರಿಂದ ಅಲ್ವಾ? 'ಅಯ್ಯೋ, ಇಂಥವನು ನೂಲು ನೂಲೋದಾ?' ಅಂತ. ಅಂದರೆ ನೂಲುವುದು ಕೀಳು ಕೆಲಸ ಅನ್ನೋ ನಂಬಿಕೆ ಹಾಗೇ ಉಳಿಯಿತು. ಹೆಣ್ಣಿನ ಮೋಹಕ್ಕೆ ಬಿದ್ದರೆ ವೀರನ ಗತಿ ಇಷ್ಟೇ ಅನ್ನೋ ಎಚ್ಚರಿಕೆಯಾಗಿಯೂ ಆಗಿನವರು ಈ ಕತೆಯನ್ನು ಓದುತ್ತಿದ್ದರು.

ಅದೇ ಶತಮಾನದ ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿಯನ್ನು ನೀವು ಬಿಟ್ಟಿದ್ದು ಜಾಸ್ತಿ ಬೇಜಾರಾಯಿತು. ಇದೇ ಕತೆಯನ್ನು ಅವಳೂ ಚಿತ್ರಿಸಿದ್ದಾಳೆ. ಅವಳದೆಂದು ಗುರುತಿಸಿದ ಆ ಚಿತ್ರ ಲೆಬನಾನ್‌ನ ರಾಜಧಾನಿ ಬೈರೂತ್‌ನ ಸುರ್ಸೋಕ್ ಅರಮನೆಯಲ್ಲಿತ್ತು. 2020ರ ಬಂದರು ಸ್ಫೋಟದಲ್ಲಿ ಹರಿದುಹೋಯಿತು, ಗಾಜಿನ ಚೂರುಗಳು ಚುಚ್ಚಿದ್ದವು. ಆಮೇಲೆ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ಅದನ್ನು ರಿಪೇರಿ ಮಾಡಿದರು. ಆ ಚಿತ್ರದಲ್ಲಿ ಹರ್ಕ್ಯುಲಿಸ್ ಕದಿರು ಹಿಡಿದು ಓಂಫಾಲೆಯನ್ನೇ ನೋಡುತ್ತಾ ಕೂತಿದ್ದಾನೆ. ಯಾರೂ ಯಾರ ಕಿವಿಯನ್ನೂ ಹಿಂಡುತ್ತಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಸುಮ್ನೆ ಒಮ್ಮೆ ನೋಡಿ.