ಬಿಸಿಲಿನ ಮಾತು ಕೇಳುವ ಊರು

ಮಳೆಗಾಲದಲ್ಲಿ ನಾವು ಮುಂಬೈಯವರು ಸ್ವಲ್ಪ ಜಂಬ ಜಾಸ್ತಿ ಮಾಡುತ್ತೇವೆ. ಹಳಿ ಮೇಲೆ ನೀರು ನಿಂತರೂ ಆಫೀಸು ಮುಟ್ಟಿದೆ ಅನ್ನುವುದೇ ಇಲ್ಲಿ ದೊಡ್ಡಸ್ತಿಕೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನನ್ನೂರು ಕಲಬುರಗಿಯಲ್ಲಿ ಇಡೀ ವರ್ಷದ ಸರಾಸರಿ ಮಳೆಯೂ ಅಷ್ಟಿಲ್ಲ. ಮುಂಬೈಯವರು ಆ ಕಥೆ ಹೇಳುವಾಗ ಊರು ಎಷ್ಟು ಬೇಗ ಎದ್ದು ನಿಂತಿತು ಅನ್ನುವುದಕ್ಕೇ ಒತ್ತು. ಸುಮ್ನೆ ಕೂತರೆ ಸೋತಂತೆ.

ಕಲಬುರಗಿಯಲ್ಲಿ ಬಿಸಿಲು ಹೇಳಿದಂತೆ ದಿನ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬದಲು: ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಯಾರ ಮಾತನ್ನೂ ಕೇಳದ ಸರ್ಕಾರ ಸೂರ್ಯನ ಮಾತು ಕೇಳುತ್ತದೆ! ಮಧ್ಯಾಹ್ನ ಬೀದಿ ಖಾಲಿ, ಸಂಜೆಗೆ ಮತ್ತೆ ಸಂತೆ. ಮುಂಬೈ ಗೆಳೆಯರಿಗೆ ಇದು ಸೋಮಾರಿತನ. ನನಗಂತೂ ಇದೇ ಸರಿ ಅನಿಸುತ್ತದೆ. ಎಲ್ಲವೂ ನಾನು ಹಾಕಿಕೊಂಡ ವೇಳೆಗೇ ನಡೆಯಬೇಕು ಅನ್ನುವ ಹಟ ಆ ಬಿಸಿಲಲ್ಲಿ ಬಾಳುವುದಿಲ್ಲ.

ಊರಿಗೆ ಫೋನ್ ಮಾಡಿ ತಂಗಿಯ ಮದುವೆ ಯಾವಾಗ ಅಂದರೆ ಕಾಕಾ ಹೇಳುವುದು ಒಂದೇ: "ಮಳಿ ಆಗ್ಲಿ, ನೋಡಮು." ಸಾಲ ತೀರಿಸುವುದಕ್ಕೂ ಅದೇ ಉತ್ತರ, ಮನೆ ಕಟ್ಟುವುದಕ್ಕೂ ಅದೇ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಆದರೆ ಅವರ ಲೆಕ್ಕ ನೋಡಿ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಮಳೆ ಕೈಕೊಟ್ಟರೆ ಒಣಗುತ್ತದೆ. ಜಾಸ್ತಿಯಾಗಿ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇಷ್ಟರ ನಡುವೆ ತಾರೀಖು ಹೇಳುವುದು ಹೇಗೆ? ಇಷ್ಟಾದರೂ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ಹೊಲಕ್ಕೆ ಎಡೆಯಾಗಿ ಚೆಲ್ಲುತ್ತಾರೆ; ಸೊಪ್ಪು, ಕಾಳು ಹಾಕಿದ ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ಉಣ್ಣುತ್ತಾರೆ. ಬೆಳೆ ಹೇಗಿದ್ದರೂ ಸರಿ, ಭೂಮಿಗೆ ಮೊದಲ ತುತ್ತು.

ಹಾಗಂತ ಎಲ್ಲವನ್ನೂ ಮುಗಿಲಿನ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೆರೆಯಲ್ಲಿ ಹೂಳು ತುಂಬಿದ್ದು ಮಳೆಯ ತಪ್ಪೇ? ಮುಂಬೈಯ ಮಿಠಿ ನದಿಯನ್ನು ಒತ್ತುವರಿ ಮಾಡಿದ್ದೂ ಮನುಷ್ಯರೇ ಅಲ್ವಾ? ಬಿಸಿಲಿಗೆ ತಲೆಬಾಗುವ ಭಾಗ್ಯವೂ ಎಲ್ಲರಿಗಿಲ್ಲ. ಕಚೇರಿಯವರು 1.30ಕ್ಕೆ ಮನೆ ಸೇರುತ್ತಾರೆ. ಅದೇ ಹೊತ್ತಲ್ಲಿ ಗಾರೆ ಕೆಲಸದವರು ಕಾದ ಫರ್ಸಿ ಕಲ್ಲು ಹೊರುತ್ತಿರುತ್ತಾರೆ. ಆ ವೇಳಾಪಟ್ಟಿಯನ್ನು ಮೊದಲು ಅವರಿಗೆ ಕೊಡಬೇಕಿತ್ತು.