ಮರ ಹತ್ತುವವರು ಏಕೆ ಬರುವುದಿಲ್ಲ?

ನಿನ್ನೆ ಪುತ್ತೂರಿನ ಕಡೆ ಮದುವೆಯೊಂದರ ಪಂಕ್ತಿಯಲ್ಲಿ ಕುಳಿತಿದ್ದಾಗ ಎಡಕ್ಕೂ ಬಲಕ್ಕೂ ಒಂದೇ ಮಾತು: ಮಳೆಗಾಲದಲ್ಲಿ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಬಿಡಲು ಜನ ಸಿಗುವುದಿಲ್ಲ, ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಎಲ್ಲರನ್ನೂ ಸೋಮಾರಿಗಳನ್ನಾಗಿ ಮಾಡಿದೆ. ಆಮೇಲೆ ಬಡಿಸಿದ ಪಾಯಸ ನನಗೆ ರುಚಿಸಲಿಲ್ಲ.

ಅನ್ನಭಾಗ್ಯ ಬಂದದ್ದು 2013ರಲ್ಲಿ. ನಮ್ಮ ತೋಟದಲ್ಲಿ ಮರ ಹತ್ತುತ್ತಿದ್ದವರ ಮಕ್ಕಳು ಅದಕ್ಕೂ ಮೊದಲೇ ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಬಿಸಿಲಿನಲ್ಲಿ ಸಿಮೆಂಟು ಹೊರುವವರನ್ನು ಸೋಮಾರಿಗಳು ಎನ್ನಲು ಬಾಯಿ ಹೇಗೆ ಬರುತ್ತದೆ? ಮಳೆಗೆ ಜಾರುವ ಮರವನ್ನು ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು ಹತ್ತಿ, ಐವತ್ತು ಅಡಿ ಮೇಲಿನಿಂದ ಪಕ್ಕದ ಮರವನ್ನು ಎಳೆದು ಹಿಡಿದು ಅದಕ್ಕೆ ದಾಟಿಕೊಳ್ಳುವವನಿಗೆ ನಾವು ಕೊಟ್ಟದ್ದು ದಿನದ ಸಂಬಳ ಮತ್ತು ಅಂಗಳದ ತುದಿಯಲ್ಲಿ ಬೇರೆ ಲೋಟದ ಚಹಾ.

ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ನಮ್ಮ ತೋಟದಲ್ಲೇ ಒಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯ ಮೊದಲ ಬಿಲ್ಲು ಕಟ್ಟಿದೆವು. ಮುಂದಿನ ವರ್ಷಗಳಲ್ಲಿ ಅವರ ಮನೆ ಹೇಗೆ ನಡೆಯಿತೆಂದು ಕೇಳಲಿಲ್ಲ. ಅವರ ಮಗ ಮರ ಹತ್ತದಿದ್ದರೆ ಅದು ಅವನ ವಿವೇಕ.

ನೆಲದಿಂದಲೇ ಗೊನೆಗೆ ಮುಟ್ಟುವ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದನೆಯ ಕೋಲು, ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ, ಒಳ್ಳೆಯದೇ, ನೆಲದ ಮೇಲೆ ನಿಂತು ಕೆಲಸ ಮಾಡುವುದರಿಂದ ಮರದಿಂದ ಬೀಳುವ ಭಯವಿಲ್ಲ. ಆದರೆ ಇಡೀ ದಿನ ಕತ್ತೆತ್ತಿ ಅದನ್ನು ಹಿಡಿದು, ಗೊನೆಗೊನೆಗೂ ದ್ರಾವಣ ತಾಗುವಂತೆ ಬಿಡುವುದಕ್ಕೂ ಪಳಗಿದ ಕೈ ಬೇಕು. ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ಯುವಕರಿಗೆ ಅಡಿಕೆ ಮರ ಏರುವ ತರಬೇತಿ ನಡೆದಿದೆ. ಕಲಿತವರು ಈ ಕೆಲಸದಲ್ಲಿ ಉಳಿಯಬೇಕಾದರೆ ವರ್ಷವಿಡೀ ದುಡಿಮೆ ಬೇಕಲ್ಲವೇ? ನಾವು ಕರೆಯುವುದು ಕೊಳೆರೋಗದ ಭಯ ಹುಟ್ಟಿದಾಗ ಮಾತ್ರ.

ಹತ್ತು ಮನೆಯವರು ಸೇರಿದರೆ ಒಂದು ತಂಡಕ್ಕೆ ವರ್ಷದ ಕೆಲಸವಿದೆ: ಮಳೆಗಾಲದ ಆರಂಭದಲ್ಲೊಮ್ಮೆ, ನಲವತ್ತೈದು ದಿನ ಕಳೆದು ಮತ್ತೊಮ್ಮೆ ಮದ್ದು, ಬಳಿಕ ಅಡಿಕೆ ಕೊಯ್ಲು, ಕಾಳುಮೆಣಸು, ಬೇಸಿಗೆಯಲ್ಲಿ ತೋಟದ ಆರೈಕೆ. ತಿಂಗಳ ಸಂಬಳ, ಮಾಲೀಕರೇ ಕಂತು ಕಟ್ಟುವ ಅಪಘಾತ ವಿಮೆ, ಒಳ್ಳೆಯ ಹಗ್ಗ, ಮನೆಯವರ ಜೊತೆ ಒಂದೇ ಪಂಕ್ತಿಯಲ್ಲಿ ಊಟ. ಇದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ನೆರೆಯ ಮೂರು ಮನೆಯವರೊಡನೆ ಮಾತಾಡಿದ್ದೇನೆ, ಇಬ್ಬರು ಒಪ್ಪಿದ್ದಾರೆ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸೇರುತ್ತೇವೆ. ಬಿದ್ದವರ ಮಗನನ್ನೂ ಕರೆದಿದ್ದೇನೆ, ಬರುತ್ತೇನೆಂದು ಅವನು ಇನ್ನೂ ಹೇಳಿಲ್ಲ.